‘ಮತ್ತ ಬಂದಾವ’: ಒಂದು ಬಲಗಾಲಿನ ಮೂರೂವರೆ ವರ್ಷ

2023ರ ಜೂನ್ ತಿಂಗಳ ಒಂದು ಭಾನುವಾರ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ನಮ್ಮ ಮನೆಗೆ ಬಂದರು. ನಾನು ಚಹಾಕ್ಕೆ ನೀರು ಇಡುವ ಮೊದಲೇ ಸೀರೆಯನ್ನು ಮೊಣಕಾಲಿನ ಮೇಲೆ ಸರಿಸಿ ಬಲಗಾಲು ಮುಂದೆ ಚಾಚಿದರು.

“ನೋಡವ್ವಾ, ಮತ್ತ ಬಂದಾವ. ಹಾಕಿದ ರೊಕ್ಕ ಎಲ್ಲಾ ನೀರಾಗ ಹೋತು.”

ಹದಿನಾಲ್ಕು ತಿಂಗಳ ಹಿಂದೆ, 2022ರ ಏಪ್ರಿಲ್‌ನಲ್ಲಿ, ಅದೇ ಕಾಲಿಗೆ ಅವರು ಇಂಜೆಕ್ಷನ್ ಚಿಕಿತ್ಸೆ ಮಾಡಿಸಿಕೊಂಡಿದ್ದರು. ತೊಡೆಯ ಹೊರಬದಿಯಿಂದ ಮೊಣಕಾಲಿನ ತನಕ ಜೇಡರ ಬಲೆಯ ಹಾಗೆ ಹರಡಿದ್ದ ನೀಲಿ, ಕೆಂಪು ಎಳೆಗಳಿಗೆ. ಡಾಕ್ಟರುಗಳು ಸ್ಪೈಡರ್ ವೇನ್ಸ್ ಅನ್ನುತ್ತಾರೆ. ಈಗ ಅದೇ ಜಾಗದಲ್ಲಿ ಮತ್ತೆ ಗೆರೆಗಳು ಎದ್ದಿದ್ದವು.

ನಾನು ಕಲಬುರಗಿಯಲ್ಲಿ ನರ್ಸ್. ಹದಿನೇಳು ವರ್ಷ ವಾರ್ಡಿನಲ್ಲಿ ಕಳೆದಿದ್ದೇನೆ. ಆದರೂ ಆ ದಿನ ನನ್ನ ಬಾಯಿಂದ ಬಂದದ್ದು “ಕೆಲವರಿಗೆ ಹಂಗ ಮತ್ತ ಬರ್ತಾವ್ರಿ ವೈನಿ” ಎಂಬ ಮಾತು ಅಷ್ಟೆ. ಅದು ಉತ್ತರ ಅಲ್ಲ ಅಂತ ಹೇಳುವಾಗಲೇ ಗೊತ್ತಿತ್ತು. ಅಲ್ಲಿಂದ 2025ರ ಅಕ್ಟೋಬರ್‌ವರೆಗೆ ಅವರ ಪ್ರತಿಯೊಂದು ತಪಾಸಣೆಗೂ ನಾನು ಜೊತೆಗೆ ಹೋದೆ. ಚೀಟಿ, ಫೋಟೊ, ರಿಪೋರ್ಟ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಟ್ಟೆ. ಆ ಫೈಲಿನಲ್ಲಿ ಇರುವುದನ್ನೇ ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ‘ಮತ್ತೆ ಬಂತು’ ಎಂಬ ಎರಡೇ ಶಬ್ದದ ಒಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಕೂತಿದ್ದವು. ಅದನ್ನು ಬಿಡಿಸಿ ನೋಡುವುದಕ್ಕೇ ನಮಗೆ ಬಹಳ ದಿನ ಹಿಡಿಯಿತು.

ರೋಗಿಯ ಹಿನ್ನೆಲೆ

ಮೊದಲ ಚಿಕಿತ್ಸೆಯ ಹೊತ್ತಿಗೆ ವೈನಿಗೆ 41 ವರ್ಷ. ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್, ಸರ್ವಿಸ್ 16 ವರ್ಷ. ಇಬ್ಬರು ಮಕ್ಕಳು. ಎರಡನೇ ಬಸಿರಿನಲ್ಲಿ ಆರನೇ ತಿಂಗಳಿಗೆ ಮೊದಲ ಎಳೆ ಕಾಣಿಸಿಕೊಂಡಿತ್ತು. ಬಸಿರಿನಲ್ಲಿ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಹಾರ್ಮೋನಿನಿಂದ ನಾಳಗಳ ಗೋಡೆ ಸಡಿಲವಾಗುತ್ತದೆ, ಬೆಳೆಯುವ ಗರ್ಭಕೋಶ ಕಿಬ್ಬೊಟ್ಟೆಯ ನಾಳಗಳನ್ನು ಒತ್ತುತ್ತದೆ. ಹೆರಿಗೆ ಆದ ಮೇಲೆ ಕೆಲವು ತಿಂಗಳಲ್ಲಿ ಎಷ್ಟೋ ಎಳೆಗಳು ತಾವೇ ಮಾಯವಾಗುತ್ತವೆ. ವೈನಿಗೂ ಅರ್ಧದಷ್ಟು ಹೋಗಿದ್ದವು. ಉಳಿದ ಅರ್ಧ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅವರ ತಾಯಿಗೆ ಎರಡೂ ಕಾಲಿನಲ್ಲಿ ಹಗ್ಗದ ಹಾಗೆ ಉಬ್ಬಿದ ನಾಳಗಳಿದ್ದವು. ಇದು ಮನೆತನದಲ್ಲಿ ಹರಿದು ಬರುವ ಗುಣ.

ಅವರ ದಿನ ಹೇಗೆ ಎಂದು ಹೇಳಲೇಬೇಕು. ಬೆಳಿಗ್ಗೆ ಐದೂವರೆಗೆ ಎದ್ದು ಇಪ್ಪತ್ತೈದು ಜೋಳದ ರೊಟ್ಟಿ. ನಮ್ಮ ಅವ್ವನ ಕಾಲದಲ್ಲಿ ಒಲೆಯ ಮುಂದೆ ಕೂತು ತಟ್ಟುತ್ತಿದ್ದರು. ಈಗ ಗ್ಯಾಸ್ ಕಟ್ಟೆ, ನಿಂತೇ ತಟ್ಟಬೇಕು. ಆಮೇಲೆ ಶಾಲೆ, ಶಹಾಬಾದ್ ಕಲ್ಲು ಹಾಸಿದ ತರಗತಿ, ಬೋರ್ಡಿನ ಮುಂದೆ ಐದು ತಾಸು. ಕಲ್ಲಿನ ಮೇಲೆ ನಿಂತದ್ದಕ್ಕೇ ಹೀಗಾಯಿತು ಅಂತ ಅವರು ಬಹಳ ದಿನ ನಂಬಿದ್ದರು. ಕಲ್ಲಿನದು ತಪ್ಪಿಲ್ಲ. ಅಲ್ಲಾಡದೆ ನಿಲ್ಲುವುದೇ ತೊಂದರೆ. ಸುಮ್ಮನೆ ನಿಂತಾಗ ಹಿಮ್ಮಡಿಯ ಹತ್ತಿರದ ನಾಳದಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ನಡೆದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಮೇಲೆ ಹೋದ ರಕ್ತ ಕೆಳಗೆ ಬೀಳದ ಹಾಗೆ ನಾಳದೊಳಗೆ ಸಣ್ಣ ಕವಾಟಗಳಿವೆ. ಆ ಕವಾಟ ಸಡಿಲವಾದರೆ ರಕ್ತ ಕೆಳಗೇ ನಿಂತು ಸುತ್ತಲಿನ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಇದಕ್ಕೆಲ್ಲ ಒಂದೇ ಮಾತು: ನರ. ಕೈ ಜೋಮು ಹಿಡಿದರೂ ನರ, ಕಾಲಲ್ಲಿ ನೀಲಿ ಗೆರೆ ಎದ್ದರೂ ನರ. ಹಾಗಾಗಿ ವೈನಿ ಮೊದಲು ಹೋಗಿ ಕೂತದ್ದು ನರರೋಗದ ಡಾಕ್ಟರ ಹತ್ತಿರ. ಎರಡು ತಾಸು ಕಾದ ಮೇಲೆ ಅವರು ಹೇಳಿದರಂತೆ: “ಅಕ್ಕಾರ, ಇದು ರಕ್ತನಾಳರೀ, ನನ್ನ ಇಲಾಖಿ ಅಲ್ಲ.” ಈ ಒಂದು ಶಬ್ದದಿಂದ ಎಷ್ಟು ಜನ ತಪ್ಪು ಬಾಗಿಲು ತಟ್ಟುತ್ತಾರೋ, ನಾನು ವಾರ್ಡಿನಲ್ಲಿ ದಿನಾ ನೋಡುತ್ತೇನೆ. ಕಾಲಿನ ಈ ಎಳೆಗಳಿಗೆ ಹೋಗಬೇಕಾದದ್ದು ರಕ್ತನಾಳದ ಸರ್ಜನ್ ಅಥವಾ ಚರ್ಮದ ಡಾಕ್ಟರ ಹತ್ತಿರ.

ಮನೆಯಲ್ಲಿ ಅವ್ವನದು ಬೇರೆಯೇ ಔಷಧ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕು ಅನ್ನುತ್ತಿದ್ದಳು. ವೈನಿ ಎರಡು ವರ್ಷ ತಿಕ್ಕಿದರು. ಕಾಲಿನ ಬೇನೆ ಅಷ್ಟೊತ್ತಿಗೆ ಹಗುರ ಅನಿಸುತ್ತಿತ್ತು, ಅದು ನಿಜ. ಎಳೆ ಹೋಗಲಿಲ್ಲ. ಹಿಗ್ಗಿದ ನಾಳವನ್ನು ಮುಚ್ಚುವ ಎಣ್ಣೆ, ಮುಲಾಮು ಯಾವುದೂ ಇಲ್ಲ.

ಮೊದಲ ಚಿಕಿತ್ಸೆ, ಏಪ್ರಿಲ್ 2022

ಬೇಸಿಗೆ ರಜೆ ಬಂತು. ಬೇರೆ ಊರಿನ ಒಂದು ಕ್ಲಿನಿಕ್ಕಿಗೆ ಅಣ್ಣ ಕರೆದುಕೊಂಡು ಹೋದ. ನಾನು ಹೋಗಿರಲಿಲ್ಲ. “ಸುಮ್ನೆ ಚಿಂತಿ ಮಾಡಬ್ಯಾಡ್ರಿ, ಸಣ್ಣ ಕೆಲಸ ಅದ” ಅಂತ ನಾನೇ ಧೈರ್ಯ ಹೇಳಿ ಕಳಿಸಿದ್ದೆ. ಹೋಗುವ ಮೊದಲು ನಾಲ್ಕು ಪ್ರಶ್ನೆ ಬರೆದುಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅಲ್ಲಿ ಅವರನ್ನು ಮೇಜಿನ ಮೇಲೆ ಮಲಗಿಸಿ ಕಾಲು ನೋಡಿದರು. ನಿಲ್ಲಿಸಿ ನೋಡಲಿಲ್ಲ. ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಲಿಲ್ಲ. ಪಾಲಿಡೊಕೆನಾಲ್ ಎಂಬ ದ್ರವವನ್ನು ಬಹಳ ತೆಳು ಸೂಜಿಯಿಂದ ಮೂವತ್ತು-ನಲವತ್ತು ಕಡೆ ಹಾಕಿದರು. ಅರ್ಧ ತಾಸಿನಲ್ಲಿ ಮುಗಿಯಿತು. ಹೊರಡುವಾಗ ಅಲ್ಲಿನ ಸಿಬ್ಬಂದಿ “ಇನ್ನು ಬರೋದಿಲ್ಲ ಮೇಡಂ” ಅಂದರಂತೆ.

ಔಷಧದ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಪಾಲಿಡೊಕೆನಾಲ್ ಹಳೆಯ ಔಷಧ. ಮೊದಲು ಅದನ್ನು ಜಾಗ ಮರಗಟ್ಟಿಸುವ ಔಷಧವಾಗಿ ತಯಾರಿಸಿದ್ದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಅದನ್ನು ಕಾಲಿನ ಸಣ್ಣ ನಾಳಗಳಿಗೆ ಒಪ್ಪಿತು. ಅದು ಸಾಬೂನಿನ ಗುಣದ್ದು. ನಾಳದ ಒಳಪದರವನ್ನು ಕೆಡಿಸುತ್ತದೆ. ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಾಳ ಗಟ್ಟಿ ದಾರದ ಹಾಗಾಗುತ್ತದೆ, ಮುಂದೆ ವಾರ, ತಿಂಗಳುಗಳಲ್ಲಿ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಹಾಗೆ ಪೂರ್ತಿ ಮುಚ್ಚಿ ಕರಗಿದ ನಾಳ ಮತ್ತೆ ತೆರೆಯುವುದಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

‘ನರ ಸುಟ್ಟರೆ ರಕ್ತ ಎಲ್ಲಿ ಹೋಗಬೇಕು, ಕಾಲು ಬಿದ್ದು ಹೋಗಂಗಿಲ್ಲೇನು’ ಅಂತ ಅವ್ವ ಹೆದರಿದ್ದಳು. ಆ ಭಯ ಬೇಡ. ಕಾಲಿನ ಹತ್ತರಲ್ಲಿ ಒಂಬತ್ತು ಪಾಲು ರಕ್ತ ಮೇಲೆ ಹೋಗುವುದು ಮಾಂಸದ ಒಳಗಿನ ದೊಡ್ಡ ನಾಳಗಳಿಂದ. ಚರ್ಮದ ಈ ಎಳೆ ಮುಚ್ಚಿದರೆ ರಕ್ತ ಬೇರೆ ದಾರಿ ಹಿಡಿಯುತ್ತದೆ.

ಮುಂದಿನದೇ ಕಷ್ಟದ್ದು. ಬಿಗಿ ಸ್ಟಾಕಿಂಗ್ ಹಾಕಿ ಕಳಿಸಿದ್ದರು. ಏಪ್ರಿಲ್ ಕೊನೆಯ ಕಲಬುರಗಿ, ಬಿಸಿಲು ನಲವತ್ತು ದಾಟಿದೆ, ಕರೆಂಟ್ ಹೋಗಿ ಬಂದು ಮಾಡುತ್ತಿದೆ. ಎರಡನೇ ದಿನಕ್ಕೆ ಕಾಲೆಲ್ಲ ಬೆವರುಸಾಲೆ. ತೆಗೆದು ಬಿಸಾಕಿದರು. ಮೂರು ವಾರದ ನಂತರ ತೋರಿಸಲು ಬರಬೇಕು ಅಂದಿದ್ದರು. ಅಷ್ಟು ದೂರ, ಆ ಬಿಸಿಲಲ್ಲಿ, ಯಾರು ಹೋಗುತ್ತಾರೆ? ಹೋಗಲಿಲ್ಲ.

ಎರಡು ತಿಂಗಳಿಗೆ ಕಾಲು ಬಹಳಷ್ಟು ತಿಳಿಯಾಗಿತ್ತು. ಅಲ್ಲಲ್ಲಿ ಕಂದು ಗೆರೆ ಇತ್ತು. ವೈನಿ ಖುಷಿಯಲ್ಲಿದ್ದರು. ವರ್ಷ ತುಂಬುವ ಹೊತ್ತಿಗೆ ಆ ಖುಷಿ ಇಳಿಯುತ್ತ ಬಂತು.

ಬಾಗಿಲಿನ ಪಕ್ಕದ ಮೂರು ಫೋಟೊ

ಈ ಪ್ರಕರಣದಲ್ಲಿ ನಮ್ಮ ಕೈ ಹಿಡಿದದ್ದು ವೈನಿಯ ದೊಡ್ಡ ಮಗ. ಚಿಕಿತ್ಸೆಗೆ ಹೋಗುವ ಹಿಂದಿನ ದಿನ ಅವನು ಅಡುಗೆ ಮನೆಯ ಬಾಗಿಲಿನ ಪಕ್ಕ ಅಮ್ಮನನ್ನು ನಿಲ್ಲಿಸಿ ಮೊಬೈಲಲ್ಲಿ ಕಾಲಿನ ಫೋಟೊ ತೆಗೆದಿದ್ದ. ಎರಡು ತಿಂಗಳ ಮೇಲೆ ಅಲ್ಲೇ ನಿಲ್ಲಿಸಿ ಇನ್ನೊಂದು. 2023ರ ಜೂನ್‌ನಲ್ಲಿ ನಾನು ಹೇಳಿ ಮೂರನೆಯದು ತೆಗೆಸಿದೆ. ಹುಡುಗಾಟಕ್ಕೆ ತೆಗೆದದ್ದು ದಾಖಲೆಯಾಯಿತು.

ನನ್ನ ಪರಿಚಯದವರೊಬ್ಬರ ಮೂಲಕ ರಕ್ತನಾಳದ ಸರ್ಜನ್ ಒಬ್ಬರ ಹತ್ತಿರ ಸಮಯ ಸಿಕ್ಕಿತು. ಆಗಸ್ಟ್ ತಿಂಗಳು. ಅವರು ಮೊದಲು ಕಾಲು ನೋಡಲಿಲ್ಲ, ಫೋಟೊ ನೋಡಿದರು. ಕಂಪ್ಯೂಟರಿನ ಮೇಲೆ ಮೂರನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟರು. ವೈನಿಯ ಮೊಣಕಾಲಿನ ಮೇಲೆ ಒಂದು ಕಪ್ಪು ಮಚ್ಚೆ ಇದೆ. ಅದರಿಂದ ಬೆರಳು ಅಳತೆ ಹಿಡಿದು ಒಂದೊಂದು ಗೆರೆಯನ್ನೂ ಹಿಂದಿನ ಫೋಟೊದಲ್ಲಿ ಹುಡುಕಿದರು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

“ಟೀಚರ್, ನೀವು ‘ಮತ್ತ ಬಂದಾವ’ ಅಂತೀರಿ. ಇಲ್ಲಿ ನಾಲ್ಕು ನಮೂನಿ ಅವ. ಒಂದೊಂದಕ್ಕ ಒಂದೊಂದು ಲೆಕ್ಕ.”

ತೊಡೆಯ ಹೊರಬದಿಯಿಂದ ಮೊಣಕಾಲಿಗೆ ಇಳಿಯುವ ಎರಡು ನೀಲಿ ಗೆರೆ ಮೊದಲ ಫೋಟೊದಲ್ಲೂ ಇದ್ದವು, ಎರಡನೆಯದರಲ್ಲಿ ಮಸುಕಾಗಿದ್ದವು, ಮೂರನೆಯದರಲ್ಲಿ ಮತ್ತೆ ಸ್ಪಷ್ಟ. ಇವು ನಿಜವಾಗಿ ಮರಳಿ ತೆರೆದುಕೊಂಡವು. ಅದರ ಕೆಳಗಿನ ಕಂದು ಗೆರೆಗಳು ನಾಳವೇ ಅಲ್ಲ. ಬೆರಳಿನಿಂದ ಒತ್ತಿ ತೋರಿಸಿದರು. ನಾಳವಾದರೆ ಒತ್ತಿದಾಗ ಬಣ್ಣ ಹೋಗಿ, ಬಿಟ್ಟಾಗ ತುಂಬಿಕೊಳ್ಳುತ್ತದೆ. ಇವು ಒತ್ತಿದರೂ ಹಾಗೇ ಇದ್ದವು. ಮುಚ್ಚಿದ ನಾಳದಲ್ಲಿ ಸಿಕ್ಕಿಬಿದ್ದ ರಕ್ತದ ಕಬ್ಬಿಣದ ಅಂಶ ಚರ್ಮದಲ್ಲಿ ಉಳಿದ ಕಲೆ ಅದು. ನಮ್ಮಂಥ ಕಂದು ಚರ್ಮದವರಲ್ಲಿ ಜಾಸ್ತಿ ಎದ್ದು ಕಾಣುತ್ತದೆ. ಹೆಚ್ಚಿನವರಲ್ಲಿ ಆರು ತಿಂಗಳಿಂದ ಒಂದು ವರ್ಷದಲ್ಲಿ ತಿಳಿಯಾಗುತ್ತದೆ, ಕೆಲವರಲ್ಲಿ ಇನ್ನೂ ತಡ. ವೈನಿ ವರ್ಷವಿಡೀ ಈ ಕಲೆಯನ್ನೂ ‘ಬಂದ ನರ’ದ ಲೆಕ್ಕಕ್ಕೆ ಹಾಕಿ ಕೊರಗಿದ್ದರು.

ಮೂರನೆಯದು ಮೊಣಕಾಲಿನ ಒಳಬದಿಯಲ್ಲಿ ಕುಂಕುಮ ಸವರಿದ ಹಾಗಿದ್ದ ಕೆಂಪು ಮಬ್ಬು. ಹತ್ತಿರ ಹೋದರೆ ಕೂದಲಿಗಿಂತ ತೆಳು ಎಳೆಗಳ ಗುಂಪು. ಚಿಕಿತ್ಸೆಯ ಮೊದಲು ಅಲ್ಲಿ ಇರಲಿಲ್ಲ. ಇದಕ್ಕೆ ಡಾಕ್ಟರುಗಳು ಮ್ಯಾಟಿಂಗ್ ಅನ್ನುತ್ತಾರೆ. ಇಂಜೆಕ್ಷನ್ ಆದ ಕೆಲವು ವಾರಗಳಲ್ಲಿ, ಸುತ್ತಲಿನ ಚರ್ಮ ಕೆರಳಿ, ಹೊಸ ಸಣ್ಣ ನಾಳಗಳು ಹುಟ್ಟುತ್ತವೆ. ಒತ್ತಡ ಜಾಸ್ತಿ ಹಾಕಿ ಚುಚ್ಚಿದರೆ, ಮೂಲದ ನಾಳ ಹಾಗೇ ಉಳಿದರೆ, ಮೈಯಲ್ಲಿ ಈಸ್ಟ್ರೋಜನ್ ಹಾರ್ಮೋನು ಜಾಸ್ತಿ ಇದ್ದರೆ ಇದರ ಸಾಧ್ಯತೆ ಹೆಚ್ಚು.

ಇಲ್ಲಿ ಡಾಕ್ಟರು ತಲೆ ಎತ್ತಿ ಕೇಳಿದರು: “ಮಾತ್ರಿ ಏನರ ತಗೊಳ್ತೀರೇನು?” ವೈನಿ ನನ್ನ ಮುಖ ನೋಡಿದರು. ಮುಟ್ಟಿನ ರಕ್ತಸ್ರಾವ ಜಾಸ್ತಿ ಅಂತ 2022ರ ಫೆಬ್ರವರಿಯಿಂದ ಹಾರ್ಮೋನು ಮಾತ್ರೆ ನಡೆದಿತ್ತು. ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ. ಅವರು ಮಾತ್ರೆ ಬಿಡಿ ಅನ್ನಲಿಲ್ಲ. ಹೆರಿಗೆ ಡಾಕ್ಟರಿಗೆ ಒಂದು ಚೀಟಿ ಬರೆದರು, ಅಷ್ಟೆ. ಅವರಿಬ್ಬರೂ ಮಾತಾಡಿಕೊಂಡು ಮುಂದಿನ ತಿಂಗಳು ಮಾತ್ರೆಯ ಬದಲು ಬೇರೆ ದಾರಿ ಹಿಡಿದರು. ಇಂಥ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ರಕ್ತ ಹೋಗಿ ವಾರ್ಡಿಗೆ ಬಂದವರನ್ನು ನಾನು ನೋಡಿದ್ದೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಾಲ್ಕನೆಯದು ಮೊಣಕಾಲಿನ ಹಿಂದೆ ಎರಡು ಎಳೆ. 2022ರ ಫೋಟೊದಲ್ಲಿ ಅಲ್ಲಿ ಏನೂ ಇಲ್ಲ. ಸೂಜಿಯೂ ಅಲ್ಲಿ ತಾಗಿಲ್ಲ. ಇವು ಪೂರ್ತಿ ಹೊಸವು. ಚಿಕಿತ್ಸೆ ಮಾಡಿಸದಿದ್ದರೂ ಬರುತ್ತಿದ್ದವು.

ನಿಲ್ಲಿಸಿ ಮಾಡಿದ ತಪಾಸಣೆ

ಎಳೆ ಮತ್ತೆ ತೆರೆದುಕೊಂಡದ್ದು ಯಾಕೆ ಅನ್ನುವುದು ಉಳಿದ ಪ್ರಶ್ನೆ. ಅದಕ್ಕೆ ನಾಳದಲ್ಲಿ ರಕ್ತ ಯಾವ ಕಡೆ ಹರಿಯುತ್ತದೆ ಎಂದು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರು. ವೈನಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಭಾರವನ್ನು ಎಡಗಾಲಿಗೆ ಹಾಕಿಸಿ, ಬಲಗಾಲಿನ ಮೀನಖಂಡ ಹಿಂಡಿ ಬಿಡುತ್ತಿದ್ದರು. ಹಿಂಡಿದಾಗ ರಕ್ತ ಮೇಲೆ ಹೋಗಬೇಕು, ಬಿಟ್ಟಾಗ ಕವಾಟ ಮುಚ್ಚಿ ಅಲ್ಲೇ ನಿಲ್ಲಬೇಕು. ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಕ್ಕೆ ಹರಿದರೆ ಚರ್ಮದ ಕೆಳಗಿನ ಆ ನಾಳದ ಕವಾಟ ಸೋತಿದೆ ಎಂದು ಅರ್ಥ. ಮಲಗಿಸಿ ನೋಡಿದರೆ ಇದು ಎಷ್ಟೋ ಸಲ ತಪ್ಪಿ ಹೋಗುತ್ತದೆ.

ತೊಡೆಸಂದಿನಿಂದ ಹಿಮ್ಮಡಿವರೆಗೆ ಬರುವ ದೊಡ್ಡ ಸಫೀನಸ್ ನಾಳ ಸರಿಯಾಗಿತ್ತು. ಮೀನಖಂಡದ ಹಿಂದಿನ ಸಣ್ಣ ಸಫೀನಸ್ ಕೂಡ ಸರಿ. ಒಳಗಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಲ್ಲ. ಅಂದರೆ ತಾಯಿಗಿದ್ದ ಕಾಯಿಲೆ ವೈನಿಗೆ ಇನ್ನೂ ಬಂದಿರಲಿಲ್ಲ. ಡಾಕ್ಟರು ಚೀಟಿಯಲ್ಲಿ ‘ಸಿ1’ ಎಂದು ಬರೆದರು. ಕಾಲಿನ ನಾಳದ ಕಾಯಿಲೆಯನ್ನು ಸಿ0ಯಿಂದ ಸಿ6ರವರೆಗೆ ವಿಂಗಡಿಸುವ ‘ಸೀಪ್’ ಎಂಬ ಪದ್ಧತಿ 1994ರಿಂದ ಬಳಕೆಯಲ್ಲಿದೆ. ಸಿ1 ಅಂದರೆ ಚರ್ಮದ ಸಣ್ಣ ಎಳೆಗಳು, ಸಿ2 ಅಂದರೆ ಉಬ್ಬಿದ ವೆರಿಕೋಸ್ ನಾಳ, ಸಿ6 ಅಂದರೆ ವಾಸಿಯಾಗದ ಹುಣ್ಣು. 2020ರಲ್ಲಿ ಈ ಪದ್ಧತಿ ತಿದ್ದಿದಾಗ ಮರಳಿ ಬಂದ ವೆರಿಕೋಸ್‌ಗೂ ಮರಳಿ ಬಂದ ಹುಣ್ಣಿಗೂ ‘ಆರ್’ ಅಕ್ಷರ ಸೇರಿಸಿದರು. ಸಿ1ಕ್ಕೆ ಸೇರಿಸಲಿಲ್ಲ. ಇದನ್ನು ಓದಿದಾಗ ನನಗೆ ಒಂದು ಅನಿಸಿತು. ಸಣ್ಣ ಎಳೆ ‘ಮರಳಿ ಬಂತು’ ಅನ್ನುವುದಕ್ಕೆ ಡಾಕ್ಟರ ಲೆಕ್ಕದಲ್ಲೂ ಒಂದು ಖಾನೆ ಇಲ್ಲ ಅಂದಮೇಲೆ, ರೋಗಿ ಗೊಂದಲಕ್ಕೆ ಬೀಳದೆ ಇರುತ್ತಾರಾ?

ಆಮೇಲೆ ಕೋಣೆಯ ದೀಪ ಆರಿಸಿ ಚರ್ಮದ ಮೇಲೆ ಒಂದು ಬೆಳಕಿನ ಸಾಧನ ಇಟ್ಟರು. ತೊಡೆಯ ಹೊರಬದಿಯಲ್ಲಿ ಒಂದು ಹಸಿರು-ನೀಲಿ ನಾಳ ಕಂಡಿತು. ಎರಡು ಮಿಲಿಮೀಟರ್ ದಪ್ಪ ಇರಬಹುದು. ಒಂದರಿಂದ ಮೂರು ಮಿಲಿಮೀಟರಿನ ಇಂಥವನ್ನು ರೆಟಿಕ್ಯುಲರ್ ನಾಳ ಅನ್ನುತ್ತಾರೆ. ಒಂದು ಮಿಲಿಮೀಟರಿಗಿಂತ ಸಣ್ಣವು ಸ್ಪೈಡರ್. ಆ ಹಸಿರು ನಾಳವೇ ಕೆಳಗಿನ ಎರಡೂ ನೀಲಿ ಗೆರೆಗಳಿಗೆ ರಕ್ತ ಉಣಿಸುತ್ತಿತ್ತು. ಮೊದಲ ಸಲ ಅದನ್ನು ಯಾರೂ ಮುಟ್ಟಿರಲಿಲ್ಲ.

ನಮ್ಮಪ್ಪ ರೈತ. ಮನೆಗೆ ಬಂದು ಹೇಳಿದಾಗ ಅವನಿಗೆ ತಕ್ಷಣ ತಿಳಿಯಿತು. “ತೂಬು ತೆರದಿಟ್ಟು ಹೊಲದಾಗಿನ ಸಣ್ಣ ಕಾಲುವಿಗೆ ಮಣ್ಣು ಹಾಕ್ಯಾರ. ನಿಂದ್ರತದೇನು ಅದು?” ಡಾಕ್ಟರು ಹೇಳಿದ್ದೂ ಅದೇ. ಮೇಲಿನಿಂದ ಒತ್ತಡ ಬರುತ್ತಲೇ ಇದ್ದರೆ ಅರ್ಧ ಮುಚ್ಚಿದ ಎಳೆ ಮತ್ತೆ ಬಾಯಿ ತೆರೆಯುತ್ತದೆ. ಪೂರ್ತಿ ಮುಚ್ಚಿದ್ದರೆ ರಕ್ತ ಪಕ್ಕದ ಎಳೆಯನ್ನು ಹಿಗ್ಗಿಸುತ್ತದೆ, ನೋಡುವವರಿಗೆ ಅದೇ ಮರಳಿ ಬಂದ ಹಾಗೆ ಕಾಣುತ್ತದೆ.

ಮೊದಲ ಕ್ಲಿನಿಕ್ಕಿನ ಬಗ್ಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಸ್ಪೈಡರ್ ವೇನ್ ಇರುವ ಪ್ರತಿಯೊಬ್ಬರಿಗೂ ಡಾಪ್ಲರ್ ಬೇಕಂತಿಲ್ಲ. ಯಾವ ನೋವೂ ಇಲ್ಲದ ನಾಲ್ಕು ಎಳೆಗೆ ಅದು ಸುಮ್ಮನೆ ಖರ್ಚು. ಆದರೆ ಸಂಜೆ ಕಾಲು ಭಾರವಾಗುವುದು, ಬಾವು, ಮನೆತನದಲ್ಲಿ ವೆರಿಕೋಸ್, ಚಿಕಿತ್ಸೆ ಆದ ಮೇಲೆ ಬೇಗ ಮರುಕಳಿಸುವುದು ಇದ್ದರೆ ಬೇಕು. ವೈನಿಗೆ ಸಂಜೆಯ ಭಾರ ಇತ್ತು, ತಾಯಿಯ ಕಥೆ ಇತ್ತು. ಕೇಳಿದ್ದರೆ ಹೇಳುತ್ತಿದ್ದರು.

ಎರಡನೇ ಚಿಕಿತ್ಸೆ, ಅಕ್ಟೋಬರ್‌ನಿಂದ ಡಿಸೆಂಬರ್ 2023

ಡಾಕ್ಟರು ಸೆಪ್ಟೆಂಬರ್‌ನಲ್ಲೇ ಮಾಡಲು ಸಿದ್ಧರಿದ್ದರು. ನಾವೇ ದಸರಾ ರಜೆಯ ತನಕ ಕಾದೆವು. ಕಲಬುರಗಿಯಲ್ಲಿ ಸ್ಟಾಕಿಂಗ್ ಹಾಕಿಕೊಂಡು ಇರಬಹುದಾದ ತಿಂಗಳುಗಳೆಂದರೆ ದಸರಾದಿಂದ ಶಿವರಾತ್ರಿ ತನಕ. ಬೇರೆ ಊರಿನ ಪುಸ್ತಕದಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಇಲ್ಲಿಯವರಿಗೆ ಇದೇ ಮೊದಲ ಮಾತು ಆಗಬೇಕು.

ಮೊದಲ ಸರದಿಯಲ್ಲಿ ಆ ಹಸಿರು ನಾಳಕ್ಕೆ ಮಾತ್ರ ಔಷಧ. ದಪ್ಪ ನಾಳಕ್ಕೆ 1 ಪ್ರತಿಶತದ ದ್ರಾವಣ. ಮೊಣಕಾಲಿನ ಎಳೆಗಳನ್ನು ಮುಟ್ಟಲಿಲ್ಲ. ವೈನಿಗೆ ಬೇಸರವಾಯಿತು, ಕಾಣುವುದನ್ನು ಬಿಟ್ಟು ಕಾಣದ್ದಕ್ಕೆ ಚುಚ್ಚಿದರಲ್ಲ ಅಂತ. ಸೂಜಿ ತೆಗೆದ ತಕ್ಷಣ ಪಟ್ಟಿ, ಅದರ ಮೇಲೆ ಸ್ಟಾಕಿಂಗ್, ಇಪ್ಪತ್ತು ನಿಮಿಷ ಕಾರಿಡಾರಿನಲ್ಲಿ ನಡೆಸಿದರು. ಒಂದು ವಾರ ಹಗಲು-ರಾತ್ರಿ ಸ್ಟಾಕಿಂಗ್, ಮುಂದೆ ಎರಡು ವಾರ ಹಗಲು ಮಾತ್ರ. ಬಿಸಿ ನೀರಿನ ಸ್ನಾನ ಮೂರು ದಿನ ಬೇಡ ಅಂದರು.

ಐದು ವಾರ ಕಳೆದು ಎರಡನೇ ಸರದಿಗೆ ಹೋದಾಗ ಒಂದು ಸಂತೋಷ ಕಾದಿತ್ತು. ಮುಟ್ಟದೇ ಇದ್ದ ನೀಲಿ ಗೆರೆಗಳು ತಾವೇ ಅರ್ಧ ಇಂಗಿದ್ದವು. ಉಳಿದ ಎಳೆಗೆ 0.5 ಪ್ರತಿಶತದ ತೆಳು ದ್ರಾವಣ ಸಾಕಾಯಿತು. ಡಿಸೆಂಬರ್ ಕೊನೆಗೆ ಮೂರನೇ ಸರದಿ, ಮೊಣಕಾಲಿನ ಹಿಂದಿನ ಹೊಸ ಎಳೆಗಳಿಗೆ. ಸಾಮಾನ್ಯವಾಗಿ ಒಂದು ಸರದಿಯಲ್ಲಿ ಚುಚ್ಚಿದ ನಾಳಗಳಲ್ಲಿ ನೂರಕ್ಕೆ 50ರಿಂದ 80ರಷ್ಟು ಹೋಗುತ್ತವೆ. ಉಳಿದದ್ದಕ್ಕೆ ಮತ್ತೆ ಸರದಿ ಬೇಕು. ಒಂದೇ ಸಲಕ್ಕೆ ಎಲ್ಲ ಹೋಗುತ್ತದೆ ಅಂದುಕೊಂಡು ಬಂದವರಿಗೆ ಉಳಿದದ್ದೂ ‘ಮತ್ತೆ ಬಂದದ್ದೇ’ ಆಗುತ್ತದೆ.

ಈ ಸಲ ಎರಡು ವಾರಕ್ಕೊಮ್ಮೆ ತೋರಿಸಲು ತಪ್ಪದೆ ಹೋದೆವು. ಅದರ ಬೆಲೆ ನವೆಂಬರ್‌ನಲ್ಲಿ ಗೊತ್ತಾಯಿತು. ತೊಡೆಯ ಮೇಲೆ ಎರಡು ಕಡೆ ಗಟ್ಟಿಯಾಗಿ, ಮುಟ್ಟಿದರೆ ನೋವಾಗುವ ಗಂಟು ಎದ್ದಿತ್ತು. ಮುಚ್ಚಿದ ನಾಳದಲ್ಲಿ ಸಿಕ್ಕಿಕೊಂಡ ರಕ್ತ. ಡಾಕ್ಟರು ಸೂಜಿ ಮೊನೆಯಿಂದ ಚುಚ್ಚಿ ಒತ್ತಿದರು. ಕಾಕಂಬಿಯ ಹಾಗೆ ಕಪ್ಪು ರಕ್ತ ಬಂತು. ನೋವು ಆ ದಿನವೇ ಹೋಯಿತು. ಆ ರಕ್ತವನ್ನು ಹೀಗೆ ಬೇಗ ತೆಗೆದರೆ ಕಂದು ಕಲೆ ಕಡಿಮೆಯಾಗುತ್ತದೆ. 2022ರಲ್ಲಿ ಮೂರು ವಾರಕ್ಕೆ ಹೋಗಿದ್ದರೆ ಆಗಿನ ಕಲೆಗಳೂ ಇಷ್ಟು ಗಾಢವಾಗುತ್ತಿರಲಿಲ್ಲವೇನೋ.

ಕೆಂಪು ಮಬ್ಬಿಗೆ ಏನೂ ಮಾಡಲಿಲ್ಲ. ಕಾಯಿರಿ ಅಂದರು. ಉಣಿಸುವ ನಾಳ ಮುಚ್ಚಿದೆ, ಮಾತ್ರೆ ನಿಂತಿದೆ, ಒಂದು ವರ್ಷದೊಳಗೆ ಹೆಚ್ಚಿನಂಶ ಹೋಗಬಹುದು ಎಂದರು. ಹೋಗದಿದ್ದರೆ 1064 ನ್ಯಾನೋಮೀಟರಿನ ಲೇಸರ್ ಇದೆ. ಕಂದು ಚರ್ಮಕ್ಕೆ ಬೇರೆ ಲೇಸರ್‌ಗಳಿಗಿಂತ ಅದು ವಾಸಿ, ಆದರೂ ಅಭ್ಯಾಸವಿದ್ದ ಕೈ ಬೇಕು, ಸುಟ್ಟ ಕಲೆ ಬೀಳುವ ಅಪಾಯ ಇದ್ದೇ ಇದೆ. 2024ರ ಆಗಸ್ಟ್ ಹೊತ್ತಿಗೆ ಮಬ್ಬು ಗುರುತು ಸಿಗದಷ್ಟು ತಿಳಿಯಾಯಿತು. ಲೇಸರ್ ಬೇಕಾಗಲಿಲ್ಲ.

ಖರ್ಚಿನ ಬಗ್ಗೆ ಒಂದೇ ಮಾತು. ಇದನ್ನು ಅಂದಚೆಂದದ ಚಿಕಿತ್ಸೆ ಅಂತ ಲೆಕ್ಕ ಹಾಕಿ ಹೆಚ್ಚಿನ ಇನ್ಶೂರೆನ್ಸ್ ಕಂಪನಿಗಳು ದುಡ್ಡು ಕೊಡುವುದಿಲ್ಲ. ಎಷ್ಟು ಸರದಿ ಆಗಬಹುದು ಅಂತ ಮೊದಲೇ ಕೇಳಿ ಜೇಬು ನೋಡಿಕೊಳ್ಳುವುದು ಒಳ್ಳೆಯದು.

ಆಮೇಲಿನ ಎರಡು ವರ್ಷ

2024ರ ಮಾರ್ಚ್‌ನಲ್ಲಿ, ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರರ ಜಾತ್ರೆಗೆ ವೈನಿ ಎಲ್ಲರ ಜೊತೆ ನಡೆದೇ ಹೋದರು. ತೇರು ಎಳೆಯುವ ಹೊತ್ತಿಗೆ ಎಷ್ಟು ಹೊತ್ತು ನಿಲ್ಲಬೇಕು ಗೊತ್ತಲ್ಲ. ಮನೆಗೆ ಬಂದು “ಕಾಲು ಭಾರ ಆಗಿಲ್ಲವ್ವಾ” ಅಂದರು. ಕಾಲಿನ ಚೆಂದಕ್ಕಿಂತ ಆ ಮಾತು ನನಗೆ ದೊಡ್ಡದಾಗಿ ಕಂಡಿತು.

ದಿನಚರಿಯಲ್ಲಿ ಕೆಲವು ಬದಲಾಯಿತು. ಬೋರ್ಡಿನ ಮುಂದೆ ನಿಲ್ಲುವ ಬದಲು ಸಾಲುಗಳ ನಡುವೆ ಓಡಾಡುತ್ತ ಪಾಠ ಹೇಳುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಹಿಮ್ಮಡಿ ಎತ್ತಿ ಇಳಿಸುತ್ತಾರೆ, ಮಕ್ಕಳೂ ನೋಡಿ ಕಲಿತಿದ್ದಾರೆ. ರೊಟ್ಟಿಗೆ ಅಣ್ಣ ಒಂದು ಎತ್ತರದ ಸ್ಟೂಲ್ ಮಾಡಿಸಿಕೊಟ್ಟಿದ್ದಾನೆ. ಚಳಿಗಾಲದಲ್ಲಿ ಶಾಲೆಗೆ ಸ್ಟಾಕಿಂಗ್ ಹಾಕುತ್ತಾರೆ, ಬೇಸಿಗೆಯಲ್ಲಿ ಇಲ್ಲ. ಇವುಗಳಿಂದ ಬಾವು ಮತ್ತು ಭಾರ ಕಡಿಮೆಯಾಗುತ್ತದೆ, ಅದು ಖಚಿತ. ಹೊಸ ಎಳೆ ಬರುವುದೇ ಇಲ್ಲ ಅಂತ ಖಾತ್ರಿ ಕೊಡುವವರನ್ನು ನಂಬಬೇಡಿ. ಮನೆತನದ ಗುಣ, ವಯಸ್ಸು, ಹಾರ್ಮೋನು ಯಾವುದೂ ಸ್ಟಾಕಿಂಗಿನ ಮಾತು ಕೇಳುವುದಿಲ್ಲ.

2024ರ ಅಕ್ಟೋಬರ್ ಫೋಟೊದಲ್ಲಿ ಬಲಗಾಲಿನ ಹಳೆಯ ಜಾಗ ಪೂರ್ತಿ ತಿಳಿ. ಕಂದು ಕಲೆಯ ಒಂದು ನೆರಳು ಮಾತ್ರ ಉಳಿದಿತ್ತು. 2025ರ ಅಕ್ಟೋಬರ್‌ನಲ್ಲೂ ಅಲ್ಲಿ ಒಂದೂ ಎಳೆ ತೆರೆದಿಲ್ಲ. ಮಚ್ಚೆಯಿಂದ ಅಳತೆ ಹಿಡಿದು ನಾನೇ ನೋಡಿದೆ.

ಆದರೆ ಎಡಗಾಲಿನ ಮೀನಖಂಡದಲ್ಲಿ ಮೂರು ಎಳೆ ಬಂದಿದ್ದವು. ಬಲಗಾಲಿನ ಹಿಮ್ಮಡಿಯ ಒಳಬದಿಯಲ್ಲಿ ಒಂದೆರಡು. ಮೀನಖಂಡದವನ್ನು ಡಾಕ್ಟರು ಕಣ್ಣೆತ್ತಿಯೂ ನೋಡಲಿಲ್ಲ. ಹಿಮ್ಮಡಿಯವನ್ನು ನೋಡಿ ಅವತ್ತೇ ಮತ್ತೆ ಡಾಪ್ಲರ್ ಮಾಡಿಸಿದರು. ಹಿಮ್ಮಡಿಯ ಸುತ್ತ ಬೀಸಣಿಕೆಯ ಹಾಗೆ ಸಣ್ಣ ನಾಳಗಳು ಹರಡಿದರೆ ಅದು ಒಳಗಿನ ಕವಾಟ ಸೋಲುತ್ತಿರುವ ಗುರುತು ಆಗಿರಬಹುದು, ಅದನ್ನು ಸೌಂದರ್ಯದ ವಿಷಯ ಅಂತ ಬಿಡಬಾರದು ಎಂದರು. ಸ್ಕ್ಯಾನ್ ಸರಿಯಾಗಿಯೇ ಬಂತು. ಆರು ತಿಂಗಳಿಗೆ ಮತ್ತೆ ನೋಡೋಣ ಅಂದರು. ಒಂದೇ ಕಾಲು ಏಕಾಏಕಿ ಊದಿ ನೋವಾದರೆ, ಅಥವಾ ಉಸಿರು ಕಟ್ಟಿದರೆ, ಆರು ತಿಂಗಳು ಅಲ್ಲ, ಆರು ನಿಮಿಷವೂ ಕಾಯದೆ ದವಾಖಾನೆಗೆ ಬರಬೇಕು ಎಂದೂ ಹೇಳಿದರು.

ದಾರಿಯಲ್ಲಿ ಆಟೋದಲ್ಲಿ ಕೂತಾಗ ನಾನು ಕೇಳಿದೆ, ಎಡಗಾಲಿಗೆ ಏನು ಮಾಡ್ತೀರಿ ವೈನಿ?

“ಇವು ಹೊಸವು ಅಲ್ಲೇನು? ಹಳೀವು ಬಂದಿಲ್ಲಲ್ಲ?” ಅಂತ ಮತ್ತೊಮ್ಮೆ ಖಾತ್ರಿ ಮಾಡಿಕೊಂಡರು. ಹೌದು ಅಂದೆ. “ಹಂಗಾದ್ರ ಇರಲಿ. ನೋವಿಲ್ಲ, ಭಾರಿಲ್ಲ. ಮಗಳ ಮದಿವಿ ಬಂದಾಗ ನೋಡೋಣು.”

ಮನೆಗೆ ಬಂದ ಮೇಲೆ ಅಡುಗೆ ಮನೆಯ ಬಾಗಿಲಿನ ಪಕ್ಕ ನಿಂತರು. ಈ ಸಲ ಎಡಗಾಲು ಮುಂದೆ ಇಟ್ಟು, ಮಗನಿಗೆ ಮೊಬೈಲ್ ತಾ ಅಂದರು.